ಹೂವಿಗೂ ಲೆನ್ಸಿಗೂ ನಡುವಿನ ಅಂತರ

(ಶಿವಮೊಗ್ಗದಲ್ಲಿ ಹವ್ಯಾಸಿ ಛಾಯಾಗ್ರಾಹಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಳೆಗಾಲದ ಸಂಜೆ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಬಸ್ಸು ಹಿಡಿದು ಬಂದವರೂ ಇದ್ದೀರಿ, ಮತ್ತೆ ಬಸ್ಸು ಹಿಡಿದೇ ವಾಪಸ್ ಹೋಗಬೇಕು. ಹಾಗಾಗಿ ಪೀಠಿಕೆ ಬೇಡ.

ಹೂವಿನ ತೀರಾ ಹತ್ತಿರ ಹೋಗಿ, ಟ್ರೈಪಾಡ್ ಇಲ್ಲದೆ, ಕೈಯಲ್ಲೇ ಕ್ಯಾಮೆರಾ ಹಿಡಿದು ತೆಗೆದ ಫೋಟೋ ಮಸುಕಾಗಿ ಬಂದಾಗ ನಾವೆಲ್ಲ ಹೇಳುವ ಮಾತು ಒಂದೇ: 'ಕೈ ಶೇಕ್ ಆಯ್ತು.' ನನ್ನ ಅನುಭವದಲ್ಲಿ ಬಹುಪಾಲು ಸಲ ಆಗಿರುವುದು ಅದಲ್ಲ. ಮೈ ಹಿಂದೆ ಮುಂದೆ ತೂಗಿರುತ್ತದೆ. ಹೂವಿಗೂ ಲೆನ್ಸಿಗೂ ನಡುವಿನ ಅಂತರ ಒಂದೆರಡು ಮಿಲಿಮೀಟರ್ ಬದಲಾಗಿರುತ್ತದೆ. ಫೋಕಸ್ಸು ನಮಗೆ ಬೇಕಾದ ಕೇಸರದ ತುದಿ ಬಿಟ್ಟು ಅದರ ಹಿಂದಿನ ಎಸಳಿನ ಮೇಲೆ ಕೂತಿರುತ್ತದೆ. ಈ ಎರಡು ದೋಷಕ್ಕೂ ಮದ್ದು ಬೇರೆ ಬೇರೆ. ಶೇಕಿಗೆ ಕೊಡುವ ಮದ್ದನ್ನು ತೂಗಾಟಕ್ಕೆ ಕೊಟ್ಟರೆ ಏನೂ ಗುಣ ಕಾಣುವುದಿಲ್ಲ. ಇವತ್ತು ನಾನು ಹೇಳುವುದೆಲ್ಲ ಆ ಅಂತರವನ್ನು ಕಾಯುವುದು ಹೇಗೆ ಅನ್ನುವುದರ ಬಗ್ಗೆಯೇ.

ಮೊದಲು ಅಳತೆ ನೋಡೋಣ. ಹತ್ತಿರ ಹೋದಷ್ಟೂ ಡೆಪ್ತ್ ಆಫ್ ಫೀಲ್ಡ್, ಅಂದರೆ ಸ್ಪಷ್ಟವಾಗಿ ಕಾಣುವ ಪದರ, ತೆಳುವಾಗುತ್ತದೆ ಅನ್ನುವುದು ನಿಮಗೆಲ್ಲ ಗೊತ್ತು. ಎಷ್ಟು ತೆಳು ಅನ್ನುವುದನ್ನು ಮಿಲಿಮೀಟರಿನಲ್ಲಿ ಲೆಕ್ಕ ಹಾಕಿದವರು ಕಡಿಮೆ. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ನಮ್ಮ ಅಂಗಳದ ಡೇರೆ ಹೂ ಒಂದನ್ನು ತೆಗೆದುಕೊಳ್ಳಿ, 12 ಸೆಂ.ಮೀ. ಅಗಲದ್ದು. ಅದು ಫ್ರೇಮಿನ ಎತ್ತರಕ್ಕೆ ಸರಿಯಾಗಿ ತುಂಬಿದರೆ ಸೆನ್ಸರಿನ ಮೇಲೆ ಬೀಳುವ ಬಿಂಬ ಹೂವಿನ ಐದನೇ ಒಂದು ಭಾಗ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್/8 ಇದ್ದರೆ ಸ್ಪಷ್ಟ ಪದರ ಸುಮಾರು 14 ಮಿ.ಮೀ. ದಪ್ಪ. ಹೂವಿನ ಆಳ ಅದಕ್ಕಿಂತ ಎಷ್ಟೋ ಹೆಚ್ಚು. ಇನ್ನೂ ಹತ್ತಿರ ಸರಿದು, ನಡುವಿನ ಬಿಚ್ಚದ ಎಸಳುಗಳನ್ನಷ್ಟೇ ತುಂಬಿಸಲು 1:2ಕ್ಕೆ, ಅಂದರೆ ಬಿಂಬ ಹೂವಿನ ಅರ್ಧದಷ್ಟಾಗುವಲ್ಲಿಗೆ, ಬಂದರೆ ಪದರ 3 ಮಿ.ಮೀ.ಗೆ ಇಳಿಯುತ್ತದೆ. ಹತ್ತಿರದ ಚಿತ್ರಕ್ಕೆಂದೇ ಇರುವ ಮ್ಯಾಕ್ರೋ ಲೆನ್ಸಿನ ಕೊನೆಯ ಗೆರೆ 1:1, ಅಲ್ಲಿ ಬಿಂಬ ಹೂವಿನಷ್ಟೇ ದೊಡ್ಡದು, ತುಂಬೆಯ ಒಂದೆರಡು ಹೂ ಸಾಕು ಫ್ರೇಮ್ ತುಂಬಲು. ಅಲ್ಲಿ ಎಫ್/8ರಲ್ಲಿ ಸಿಗುವುದು 1 ಮಿ.ಮೀ.ಗಿಂತ ಕೂದಲೆಳೆ ಕಡಿಮೆ. ಎಫ್/2.8ರಲ್ಲಿ ಅದರ ಮೂರನೇ ಒಂದು ಭಾಗ.

ಹಾಗಾದರೆ ಕಿಂಡಿ ಇನ್ನೂ ಕಿರಿದು ಮಾಡಿ ಎಫ್/16, ಎಫ್/22 ಇಟ್ಟುಬಿಡೋಣ ಅಂತ ಅನ್ನಿಸುತ್ತದೆ. ಪದರ ದಪ್ಪವಾಗುವುದು ನಿಜ. ಆದರೆ 1:1ರಲ್ಲಿ ಸೆನ್ಸರಿಗೆ ತಲುಪುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಲೆನ್ಸಿನ ಎಫ್/16 ಅಲ್ಲಿ ಎಫ್/32ರ ಹಾಗೆ ವರ್ತಿಸುತ್ತದೆ. ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್ ಹಿಡಿದು ಇಡೀ ಚಿತ್ರವೇ ಮೆತ್ತಗಾಗುತ್ತದೆ, ಜೊತೆಗೆ ಶಟರ್ ಸ್ಪೀಡ್ ಕುಸಿಯುತ್ತದೆ, ಅಂದರೆ ಶಟರ್ ಹೆಚ್ಚು ಹೊತ್ತು ತೆರೆದಿರಬೇಕಾಗುತ್ತದೆ. ನಾನು ಎಫ್/8ರಿಂದ ಎಫ್/11ರ ಒಳಗೇ ಇರುತ್ತೇನೆ. ಒಂದು ಮಿಲಿಮೀಟರ್ ಹೆಚ್ಚು ಪದರಕ್ಕಾಗಿ ಹೂವಿನ ನವಿರನ್ನೆಲ್ಲ ಕಳೆದುಕೊಳ್ಳುವುದು ನಷ್ಟದ ವ್ಯಾಪಾರ.

ಈಗ ಎಲ್ಲರೂ ಒಮ್ಮೆ ಎದ್ದು ನಿಲ್ಲಿ. ಕಾಲು ಜೋಡಿಸಿ, ಕಣ್ಣು ಮುಚ್ಚಿ. ಸ್ವಲ್ಪ ಹೊತ್ತು ಹಾಗೇ ಇರಿ. ಪಾದದ ಕಡೆ ಗಮನ ಕೊಡಿ. ಭಾರ ಬೆರಳಿನ ಕಡೆ ಹೋಗುತ್ತಿದೆ, ಹಿಮ್ಮಡಿಗೆ ಬರುತ್ತಿದೆ, ಮತ್ತೆ ಬೆರಳಿಗೆ. ನಿಂತ ಮನುಷ್ಯ ನಿಜಕ್ಕೂ ನಿಂತಿರುವುದಿಲ್ಲ. ಕಣಕಾಲಿನ ಕೀಲಿನ ಮೇಲೆ ಸದಾ ತೂಗುತ್ತಿರುತ್ತಾನೆ. ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ ಅಂತ ಹೇಳಲಾರೆ, ಆದರೆ ಇಪ್ಪತ್ತರ ಹುಡುಗರಿಗೂ ಇದು ತಪ್ಪಿದ್ದಲ್ಲ. ಈ ತೂಗಾಟ ಹಲವು ಮಿಲಿಮೀಟರ್. ನಮ್ಮ ಸ್ಪಷ್ಟ ಪದರ 1ರಿಂದ 3 ಮಿಲಿಮೀಟರ್. ಕೂತುಕೊಳ್ಳಿ, ಕೂತುಕೊಳ್ಳಿ.

ದುಬಾರಿ ಲೆನ್ಸಿನಲ್ಲಿ ಸ್ಟೆಬಿಲೈಸರ್ ಇದೆಯಲ್ಲ ಅಂತ ಕೇಳುತ್ತೀರಿ. ಅದು ಮಾಡುವ ಕೆಲಸವೇನು ಅಂತ ತಿಳಿದಿರಬೇಕು. ಮೊದಲಿನ ಸ್ಟೆಬಿಲೈಸರುಗಳು ಕ್ಯಾಮೆರಾ ಓರೆಯಾಗುವುದನ್ನು, ಅಂದರೆ ಮೂತಿ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ವಾಲುವುದನ್ನು ಮಾತ್ರ ಸರಿಪಡಿಸುತ್ತಿದ್ದವು. ಹತ್ತಿರದಲ್ಲಿ ಇಡೀ ಕ್ಯಾಮೆರಾ ಪಕ್ಕಕ್ಕೆ ಜರುಗುವುದೂ ಅಷ್ಟೇ ತೊಂದರೆ ಕೊಡುತ್ತದೆ. 2009ರಲ್ಲಿ ಕ್ಯಾನನ್ ತನ್ನ 100 ಎಂಎಂ ಎಲ್ ಮ್ಯಾಕ್ರೋ ಲೆನ್ಸಿನಲ್ಲಿ ಆ ಜರುಗಾಟವನ್ನೂ ಸರಿಪಡಿಸುವ ಹೈಬ್ರಿಡ್ ವ್ಯವಸ್ಥೆ ತಂದಿತು. ಆಗಲೂ ಕಂಪನಿಯೇ ಹೇಳಿದ್ದು, ದೂರದ ವಸ್ತುವಿಗೆ ನಾಲ್ಕು ಸ್ಟಾಪಿನಷ್ಟು ಲಾಭ, 1:1ರಲ್ಲಿ ಎರಡು ಸ್ಟಾಪ್ ಅಂತ. ಒಂದು ಸ್ಟಾಪ್ ಲಾಭ ಅಂದರೆ ಶಟರನ್ನು ಎರಡರಷ್ಟು ಹೊತ್ತು ತೆರೆದಿಡಬಹುದು. 2012ರಲ್ಲಿ ಒಲಿಂಪಸ್ ಐದು ಅಕ್ಷದ ಸ್ಟೆಬಿಲೈಸರನ್ನು ಕ್ಯಾಮೆರಾದ ಒಡಲಿನಲ್ಲೇ ಇಟ್ಟಿತು. ಆ ಐದರಲ್ಲಿ ಮೇಲೆ ಕೆಳಗೆ ಇದೆ, ಎಡ ಬಲ ಇದೆ, ಓರೆ ಇದೆ, ತಿರುಚು ಇದೆ. ಹಿಂದೆ ಮುಂದೆ ಇಲ್ಲ. ಹೂವಿನ ಕಡೆಗೆ ನೀವು ಎರಡು ಮಿ.ಮೀ. ವಾಲಿದ್ದನ್ನು ವಾಪಸ್ ಎಳೆಯುವ ಸ್ಟೆಬಿಲೈಸರ್ ಯಾವುದರಲ್ಲೂ ಇಲ್ಲ. ಆ ಕೆಲಸ ನಿಮ್ಮ ಮಂಡಿ, ಮೊಣಕೈ, ಹಣೆಯದು.

ಆಟೋಫೋಕಸ್ಸಿನ ಕತೆಯೂ ಹೆಚ್ಚು ಬೇರೆಯಲ್ಲ. ಸಿಂಗಲ್ ಆಟೋಫೋಕಸ್ ಒಂದು ಸಲ ಕಚ್ಚಿ ಲಾಕ್ ಆಗುತ್ತದೆ, ಲಾಕ್ ಆದ ಮೇಲೆ ನೀವು ತೂಗುತ್ತೀರಿ. ಹೊಸ ಮಿರರ್‌ಲೆಸ್ ಕ್ಯಾಮೆರಾಗಳ ಕಂಟಿನ್ಯುವಸ್ ಫೋಕಸ್ ಬೆನ್ನು ಬಿಡದೆ ಹಿಂಬಾಲಿಸುತ್ತದೆ, ಡೇರೆಯಂಥ ದೊಡ್ಡ ಹೂವಿಗೆ ಅದು ಚೆನ್ನಾಗಿಯೇ ಒದಗುತ್ತದೆ. ಅತಿ ಸಣ್ಣ ಪಾಯಿಂಟ್ ಆರಿಸಿಕೊಳ್ಳಿ ಅಷ್ಟೆ. 1:2 ದಾಟಿ ಹತ್ತಿರ ಹೋದರೆ ಮಾತ್ರ ಅದು ಕೇಸರ ಬಿಟ್ಟು ಹಿಂದಿನ ಎಲೆ ಹಿಡಿದು, ಮತ್ತೆ ಮುಂದೆ ಬಂದು, ಗುರಿ ಸಿಗದೆ ಓಡಾಡತೊಡಗುತ್ತದೆ. ಅಲ್ಲಿಂದಾಚೆ ನಾನು ಮ್ಯಾನ್ಯುಯಲ್.

ಮ್ಯಾನ್ಯುಯಲ್ ಅಂದಾಗ ಹೊಸಬರು ಹೂವಿನ ಮುಂದೆ ನಿಂತು ಫೋಕಸ್ ರಿಂಗ್ ತಿರುಗಿಸುತ್ತಲೇ ಇರುತ್ತಾರೆ. ಅದು ಕಷ್ಟದ ದಾರಿ. ರಿಂಗ್ ತಿರುಗಿಸಿದರೆ ಹೂವಿನ ಗಾತ್ರವೂ ಬದಲಾಗುತ್ತದೆ, ಫ್ರೇಮೂ ಬದಲಾಗುತ್ತದೆ, ಎಡಗೈ ಆಧಾರ ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತದೆ. ಉಲ್ಟಾ ಮಾಡಿ. ಹೂ ಎಷ್ಟು ದೊಡ್ಡದಾಗಿ ಬೇಕು ಅಂತ ಮೊದಲು ತೀರ್ಮಾನಿಸಿ, ರಿಂಗನ್ನು ಅಲ್ಲಿಗೆ ತಂದು ನಿಲ್ಲಿಸಿ, ಮತ್ತೆ ಮುಟ್ಟಬೇಡಿ. ಈಗ ಲೆನ್ಸಿನ ಮುಂದೆ ಒಂದು ನಿಗದಿತ ದೂರದಲ್ಲಿ ಕಣ್ಣಿಗೆ ಕಾಣದ ಒಂದು ತೆಳು ಹಾಳೆ ನಿಂತಿದೆ. ಆ ಹಾಳೆಯನ್ನು ಹೂವಿನೊಳಗೆ ಮೆಲ್ಲಗೆ ನುಗ್ಗಿಸುವುದು ನಿಮ್ಮ ಕೆಲಸ. ಸ್ವಲ್ಪ ಹಿಂದಿನಿಂದ ಶುರು ಮಾಡಿ. ಸೊಂಟದಿಂದ ಮೇಲಿನ ಮೈಯನ್ನು ನಿಧಾನವಾಗಿ ಮುಂದಕ್ಕೆ ಬಾಗಿಸಿ. ಮೊದಲು ಹತ್ತಿರದ ಕೇಸರ ಮೂಡುತ್ತದೆ, ಆಮೇಲೆ ಶಲಾಕಾಗ್ರ, ಅಂದರೆ ಹೂವಿನ ಹೆಣ್ಣು ದಂಡವಾದ ಶಲಾಕೆಯ ತುದಿ, ಆಮೇಲೆ ಎಸಳಿನ ನರ.

ಯಾವಾಗ ಒತ್ತಬೇಕು? ಸ್ಪಷ್ಟವಾಗಿ ಕಂಡಾಗ ಒತ್ತಿದರೆ ತಡವಾಯಿತು. ಕಣ್ಣು ಕಂಡದ್ದು ಬೆರಳಿಗೆ ತಲುಪಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಬೇಕು. ನೀವು ಸೆಕೆಂಡಿಗೆ ಒಂದು ಸೆಂಟಿಮೀಟರಿನಂತೆ ಬಾಗುತ್ತಿದ್ದೀರಿ ಅಂತಿಟ್ಟುಕೊಳ್ಳಿ, ಬಹಳ ನಿಧಾನ ಅಂತಲೇ ಅನ್ನಿಸುವ ವೇಗ ಅದು. ಅಷ್ಟರಲ್ಲಿ 2 ಮಿ.ಮೀ. ದಾಟಿ ಹೋಗಿರುತ್ತೀರಿ. 1:1ರಲ್ಲಿ ನಿಮ್ಮ ಪದರವೇ 1 ಮಿ.ಮೀ. ಹಾಗಾಗಿ ಎರಡು ಅಭ್ಯಾಸ ಬೇಕು. ಸ್ಪಷ್ಟವಾಗುವ ಮುಂಚೆ, 'ಈಗ ಬರುತ್ತಿದೆ' ಅನ್ನುವಾಗಲೇ ಒತ್ತುವುದು ಒಂದು. ಇನ್ನೊಂದು, ಒಂದೇ ಫೋಟೋ ತೆಗೆಯದೆ ಬರ್ಸ್ಟ್, ಅಂದರೆ ಬೆನ್ನುಬೆನ್ನಿಗೆ ಹಲವು ಫೋಟೋ, ಹೊಡೆಯುವುದು. ಬರ್ಸ್ಟನ್ನೂ ಸುಮ್ಮನೆ ಹೊಡೆದು ಕಾರ್ಡ್ ತುಂಬಿಸಬೇಡಿ, ಲೆಕ್ಕ ಇರಲಿ. ಕ್ಯಾಮೆರಾ ಸೆಕೆಂಡಿಗೆ ಐದು ಫ್ರೇಮ್ ತೆಗೆಯುತ್ತದೆ, ನೀವು ಸೆಕೆಂಡಿಗೆ ಅರ್ಧ ಸೆಂಟಿಮೀಟರ್ ಬಾಗುತ್ತೀರಿ ಅಂದರೆ ಫ್ರೇಮಿನಿಂದ ಫ್ರೇಮಿಗೆ 1 ಮಿ.ಮೀ. ವ್ಯತ್ಯಾಸ. 1:1ರಲ್ಲಿ ಒಂದು ಫ್ರೇಮಾದರೂ ನಿಮಗೆ ಬೇಕಾದ ತುದಿಯ ಮೇಲೆ ಅಥವಾ ಅದರ ತೀರಾ ಸಮೀಪ ಬೀಳುತ್ತದೆ. 1:2ರಲ್ಲಿ ಮೂರು ಫ್ರೇಮ್ ಬೀಳುತ್ತವೆ, ಅವುಗಳಲ್ಲಿ ಒಳ್ಳೆಯದನ್ನು ಆರಿಸುವ ಸೌಕರ್ಯವೂ ಇರುತ್ತದೆ. ಎರಡು ಪಟ್ಟು ಜೋರಾಗಿ ಬಾಗಿದರೆ ಎಲ್ಲ ಫ್ರೇಮೂ ಆಚೀಚೆಯೇ ಬೀಳಬಹುದು. ಬರ್ಸ್ಟ್ ಮಾಡಿದರೂ ಒಂದೂ ಸಿಗಲಿಲ್ಲ ಅನ್ನುವವರು ತಮ್ಮ ಬಾಗುವ ವೇಗ ನೋಡಿಕೊಳ್ಳಬೇಕು.

ಮೈಯನ್ನು ಕಟ್ಟಿಕೊಳ್ಳುವ ವಿಚಾರ. ನಿಂತುಕೊಂಡು ತೆಗೆಯುವುದನ್ನು ಆದಷ್ಟು ಬಿಡಿ. ಕಣಕಾಲಿನ ತೂಗಾಟ ತಪ್ಪಿಸಲು ಅದಕ್ಕಿಂತ ಸುಲಭ ಉಪಾಯವಿಲ್ಲ. ಒಂದು ಮಂಡಿ ನೆಲಕ್ಕೆ ಊರಿ, ಇನ್ನೊಂದು ಮಂಡಿಯ ಮೇಲೆ ಎಡತೋಳು ಇಡಿ. ಮೊಣಕೈಯ ಮೂಳೆಯನ್ನು ಮಂಡಿಚಿಪ್ಪಿನ ಮೇಲೆ ಇಟ್ಟರೆ ಎರಡು ಗಟ್ಟಿ ಉರುಟುಗಳು ಒಂದರ ಮೇಲೊಂದು ಜಾರುತ್ತವೆ, ಮೊಣಕೈಗಿಂತ ಸ್ವಲ್ಪ ಮೇಲಿನ ಮಾಂಸಲ ಭಾಗ ಇಟ್ಟರೆ ಕೂರುತ್ತದೆ. ವ್ಯೂಫೈಂಡರ್ ಇದ್ದರೆ ಹುಬ್ಬಿಗೆ ಒತ್ತಿ ಹಿಡಿಯಿರಿ, ಎರಡು ಕೈಯ ಜೊತೆ ಹಣೆ ಮೂರನೇ ಆಧಾರವಾಗುತ್ತದೆ. ಸ್ಕ್ರೀನ್ ನೋಡಿ ತೆಗೆಯಲೇಬೇಕಾದರೆ ಕ್ಯಾಮೆರಾವನ್ನು ಕೊರಳ ಪಟ್ಟಿ ಬಿಗಿಯಾಗುವವರೆಗೆ ಮುಂದಕ್ಕೆ ತಳ್ಳಿ ಹಿಡಿಯಿರಿ.

ನಮ್ಮ ಕಡೆ ನೆಲ ಒದ್ದೆ, ಮಂಡಿ ಊರಲು ಮನಸ್ಸು ಬರುವುದಿಲ್ಲ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಒಂದನ್ನು ಎತ್ತಿಕೊಳ್ಳಿ. ಅದರಷ್ಟು ಒಳ್ಳೆಯ ಆಸನವನ್ನು ಯಾವ ಕ್ಯಾಮೆರಾ ಅಂಗಡಿಯೂ ಮಾರುವುದಿಲ್ಲ. ಒಂದು ಬಿದಿರು ಕೋಲೂ ಜೊತೆಗಿರಲಿ, ಎದೆಯೆತ್ತರದ್ದು. ನೆಲಕ್ಕೆ ಊರಿ, ಎಡಗೈಯಲ್ಲಿ ಕೋಲನ್ನೂ ಲೆನ್ಸಿನ ಅಡಿಯನ್ನೂ ಒಟ್ಟಿಗೆ ಹಿಡಿದರೆ ಮೋನೋಪಾಡಿಗಿಂತ ಹೆಚ್ಚು ಅನುಕೂಲ. ಎತ್ತರ ಬೇಕೆಂದಲ್ಲಿ ಕೈ ಜಾರಿಸಿದರೆ ಆಯಿತು, ಸ್ಕ್ರೂ ಬಿಚ್ಚುವ ಕೆಲಸವಿಲ್ಲ. ಇನ್ನು ಉಂಬಳ. ಆರಿದ್ರಾ ಮಳೆಯ ಹೊತ್ತಿಗೆ ಆಗುಂಬೆಯ ಕಡೆ ಹೋಗುವವರು ಕಾಲುಚೀಲಕ್ಕೆ ಹೊಗೆಸೊಪ್ಪು, ಸುಣ್ಣ, ಏನು ಬೇಕೋ ಹಚ್ಚಿಕೊಂಡೇ ಹೋಗಿ. ಕಾಲಿಗೆ ಉಂಬಳ ಹತ್ತಿದೆ ಅನ್ನುವ ಅನುಮಾನ ಬಂದ ಮೇಲೆ ಯಾರ ಮೈಯೂ ಒಂದೆಡೆ ನಿಲ್ಲುವುದಿಲ್ಲ.

ಈಗ ಹೇಳುವ ಉಪಾಯ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಸೂಜಿಗೆ ದಾರ ಪೋಣಿಸುವವರ ಕೈ ಗಮನಿಸಿ. ಸೂಜಿ ಹಿಡಿದ ಕೈ, ದಾರ ಹಿಡಿದ ಕೈ ಎರಡನ್ನೂ ಕಿರುಬೆರಳಿನ ಹತ್ತಿರ ಒಂದಕ್ಕೊಂದು ತಾಗಿಸಿಕೊಂಡಿರುತ್ತಾರೆ. ಕೈ ಅಲುಗಿದರೆ ಎರಡೂ ಒಟ್ಟಿಗೆ ಅಲುಗುತ್ತವೆ, ನಡುವಿನ ಅಂತರ ಮಾತ್ರ ಬದಲಾಗುವುದಿಲ್ಲ. ಕ್ಯಾಮೆರಾದಲ್ಲೂ ಹಾಗೇ ಮಾಡಬಹುದು. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಹೂವಿನ ತೊಟ್ಟನ್ನು ಹಗುರಾಗಿ ಹಿಡಿಯಿರಿ. ಲೆನ್ಸಿನ ಮುಂಭಾಗವನ್ನು ಅದೇ ಕೈಯ ಮಣಿಕಟ್ಟಿನ ಹತ್ತಿರ ಒರಗಿಸಿ. ಈಗ ಗಾಳಿ ಬೀಸಿದರೂ, ನೀವು ತೂಗಿದರೂ ಹೂ ಮತ್ತು ಲೆನ್ಸ್ ಜೊತೆಯಲ್ಲೇ ಓಡಾಡುತ್ತವೆ. ಅಂತರ ಹೆಚ್ಚು ಕಡಿಮೆ ಮಾಡಲು ಬೆರಳು ಚಾಚಿ ಮಡಚಿದರೆ ಸಾಕು. 60 ಎಂಎಂ ಲೆನ್ಸಿಗೆ ಇದು ಸಲೀಸು. 100 ಎಂಎಂ ಲೆನ್ಸಿನಲ್ಲಿ 1:1ಕ್ಕೆ ಸೆನ್ಸರಿನಿಂದ ಹೂವಿಗೆ 30 ಸೆಂ.ಮೀ. ಆದರೂ, ಲೆನ್ಸಿನ ಮೂತಿಯಿಂದ ಉಳಿಯುವುದು ಅದರ ಅರ್ಧದಷ್ಟೇ, ಬೆರಳು ಚಾಚಿದರೆ ತೊಟ್ಟಿನ ಕೆಳಭಾಗ ಎಟಕುತ್ತದೆ. ತುಂಬೆ, ಡೇರೆ, ದಾಸವಾಳಕ್ಕೆಲ್ಲ ಈ ಉಪಾಯ ನಡೆಯುತ್ತದೆ. ಮರದ ಮೇಲಿನ ಸೀತಾಳೆ ಆರ್ಕಿಡ್ಡಿಗೆ ಬೇಡ, ಅದನ್ನು ಮುಟ್ಟದೆ ಬಿಡಿ.

ಇಷ್ಟು ಅಂತರದ ಮಾತಾಯಿತು. ಎರಡನೆಯದು ಕೋನ. ಸ್ಪಷ್ಟ ಪದರ ಒಂದು ಹಾಳೆಯಷ್ಟು ತೆಳು ಅಂತಾದ ಮೇಲೆ ಆ ಹಾಳೆಯನ್ನು ಹೂವಿನ ಯಾವ ಭಾಗಗಳ ಮೂಲಕ ಹಾಯಿಸುತ್ತೇವೆ ಅನ್ನುವುದರಲ್ಲೇ ಚಿತ್ರದ ಅರ್ಧ ಗೆಲುವಿದೆ. ಪರದೆಯ ಮೇಲಿರುವ ಈ ಹೂ ನೋಡಿ, ಅಗ್ನಿಶಿಖೆ. ನಮ್ಮಲ್ಲಿ ಹಲವರು ಗೌರಿ ಹೂ ಅನ್ನುತ್ತಾರೆ, ಹಬ್ಬದ ಹೊತ್ತಿಗೆ ಬೇಲಿಯ ಮೇಲೆಲ್ಲ ಹಬ್ಬಿರುತ್ತದೆ. ಹೂ ತಲೆಕೆಳಗಾಗಿ ತೂಗುತ್ತದೆ, ಅಂಚು ಸುಕ್ಕಿದ ಆರು ಎಸಳುಗಳು ಹಿಂದಕ್ಕೆ ಬಾಗಿ ಮೇಲಕ್ಕೆ ನಿಲ್ಲುತ್ತವೆ. ಆರು ಕೇಸರಗಳು ಮಾತ್ರ ಹೊರಕ್ಕೆ ಅಡ್ಡಡ್ಡ ಚಾಚಿಕೊಂಡಿವೆ. ಶಲಾಕೆ ಇನ್ನೂ ವಿಚಿತ್ರ, ಬುಡದಲ್ಲೇ ಮೂಲೆ ತಿರುಗಿ ಕೇಸರಗಳ ಜೊತೆಗೇ ಪಕ್ಕಕ್ಕೆ ಹೋಗುತ್ತದೆ, ತುದಿಯಲ್ಲಿ ಮೂರು ಕವಲು. ಎಲ್ಲರೂ ಇದನ್ನು ಪಕ್ಕದಿಂದ ತೆಗೆಯುತ್ತಾರೆ, ಜ್ವಾಲೆಯ ಆಕಾರ ಕಾಣಲಿ ಅಂತ. ಪಕ್ಕದಿಂದ ತೆಗೆದರೆ ಒಂದು ಕೇಸರ ಲೆನ್ಸಿನ ಕಡೆ ಚಾಚಿರುತ್ತದೆ, ಒಂದು ಆಚೆ ಕಡೆ. ಅವೆರಡರ ನಡುವೆ ಏಳೆಂಟು ಸೆಂಟಿಮೀಟರ್. ಯಾವ ಅಪರ್ಚರಿನಲ್ಲೂ ಎರಡೂ ಸಿಗುವುದಿಲ್ಲ.

ಬೇಲಿಯ ಬುಡದಲ್ಲಿ ಕೂತು ಹೂವಿನ ಕೆಳಗಿನಿಂದ ಮೇಲಕ್ಕೆ ನೋಡಿ. ಆರು ಪರಾಗಕೋಶಗಳೂ, ಶಲಾಕೆಯ ಮೂರು ಕವಲುಗಳೂ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಬಂದು ನಿಲ್ಲುತ್ತವೆ. ಬಿಂಬ ಕಾಲು ಭಾಗದಷ್ಟಿದ್ದರೆ ಎಫ್/8ರಲ್ಲಿ ಒಂದು ಸೆಂಟಿಮೀಟರಿನಷ್ಟು ಪದರ ಸಿಗುತ್ತದೆ, ಅಷ್ಟರೊಳಗೆ ಎಲ್ಲವೂ ಕೂರುತ್ತವೆ. ಹಿಂದೆ ಕೆಂಪು ಹಳದಿ ಎಸಳುಗಳು ಬಣ್ಣವಾಗಿ ಕರಗುತ್ತವೆ. ಇನ್ನೊಂದು ವಿಷಯ ಹತ್ತಿರದಿಂದ ನೋಡಿದವರಿಗೇ ಗೊತ್ತು. ಇದರ ಪರಾಗಕೋಶ ಕೇಸರದಂಡದ ತುದಿಗೆ ನಡು ಬೆನ್ನಿನಲ್ಲಷ್ಟೇ ಅಂಟಿಕೊಂಡಿರುತ್ತದೆ, ಹೂ ನಿಂತರೂ ಅದು ತನ್ನಷ್ಟಕ್ಕೆ ತೂಗುತ್ತಿರುತ್ತದೆ. ಹೂವಿನ ತೊಟ್ಟು ನೋಡಿ 'ಗಾಳಿ ನಿಂತಿತು' ಅಂತ ಒತ್ತಬೇಡಿ, ಪರಾಗಕೋಶ ನಿಂತದ್ದನ್ನು ನೋಡಿ ಒತ್ತಿ. ಅಂದ ಹಾಗೆ ಈ ಬಳ್ಳಿಯ ಪ್ರತಿ ಭಾಗವೂ ವಿಷ, ಗೆಡ್ಡೆಯಂತೂ ಜೀವ ತೆಗೆಯುವಂಥದ್ದು. ಮುಟ್ಟಿದರೆ ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ, ಮಕ್ಕಳನ್ನು ಕರೆದುಕೊಂಡು ಹೋಗಿದ್ದರಂತೂ ಎಚ್ಚರ.

ಸೀತಾಳೆ ದಂಡೆಯ ಸಮಸ್ಯೆ ಬೇರೆ ತರಹದ್ದು. ಮೇ, ಜೂನ್ ತಿಂಗಳಲ್ಲಿ ಹಲಸಿನ ಮರ, ಮಾವಿನ ಮರದ ಕೊಂಬೆಯಿಂದ ಇಳಿಬಿದ್ದ ಈ ಆರ್ಕಿಡ್ ನೋಡದ ಮಲೆನಾಡಿಗರಿಲ್ಲ. ದಂಡೆ ಉರುಟಾಗಿದೆ, ಹೂಗಳು ಸುತ್ತಲೂ ಇವೆ. ಇಡೀ ದಂಡೆ ಸ್ಪಷ್ಟವಾಗಿ ಬೇಕು ಅಂತ ಹಟ ಹಿಡಿದರೆ ಹಿಂದೆ ಸರಿಯಲೇಬೇಕು. ಹತ್ತಿರ ಬೇಕೆಂದರೆ ಒಂದು ಹೂವನ್ನು ಆರಿಸಿ. ಯಾವುದನ್ನು? ನೇತಾಡುವ ದಂಡೆಯ ತುದಿ ಹೆಚ್ಚು ತೂಗುತ್ತದೆ, ಕೊಂಬೆಯ ಹತ್ತಿರದ ಭಾಗ ಕಡಿಮೆ. ಆದ್ದರಿಂದ ಮೇಲ್ಗಡೆಯ ಹೂವನ್ನೇ ಆರಿಸಿ, ಅದರಲ್ಲೂ ನಿಮಗೆ ನೇರ ಮುಖ ಕೊಟ್ಟದ್ದನ್ನು. ಫೋಕಸ್ ಹೂವಿನ ನಡುವಿನ ಆ ಪುಟ್ಟ ಕಂಬದ ತುದಿಗೆ. ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಎಸಳಿನ ನೇರಳೆ ಚುಕ್ಕೆಗಳು ಒಂಚೂರು ಮೆತ್ತಗಾದರೂ ಯಾರೂ ದೂರುವುದಿಲ್ಲ.

ಡೇರೆಯಲ್ಲಿ ಜನ ಮಾಡುವುದು ಹೂವಿನ ನಟ್ಟನಡುವಿನ ಕುಳಿಗೆ ಫೋಕಸ್ ಕೊಡುವುದು. ದೂರದ ದೃಶ್ಯಗಳಲ್ಲಿ ಫೋಕಸ್ಸಿನ ಮುಂದೆ ಒಂದು ಪಾಲು, ಹಿಂದೆ ಎರಡು ಪಾಲು ಸ್ಪಷ್ಟತೆ ಅಂತ ಕಲಿತಿರುತ್ತೇವೆ. ಇಷ್ಟು ಹತ್ತಿರದಲ್ಲಿ ಆ ಲೆಕ್ಕ ನಡೆಯುವುದಿಲ್ಲ, ಮುಂದೆ ಹಿಂದೆ ಸಮಪಾಲು. 14 ಮಿ.ಮೀ. ಇದ್ದರೆ ಏಳು ಮುಂದೆ, ಏಳು ಹಿಂದೆ. ಕುಳಿಗೆ ಕೊಟ್ಟರೆ ಹಿಂದಿನ ಏಳು ಮಿಲಿಮೀಟರ್ ಹೂವಿನ ಒಡಲೊಳಗೆ ಯಾರಿಗೂ ಕಾಣದೆ ವ್ಯರ್ಥವಾಗುತ್ತದೆ. ಕುಳಿಯ ಸುತ್ತ ಎದ್ದುನಿಂತ ಎಸಳುಗಳ ಉಂಗುರಕ್ಕೆ ಕೊಡಿ.

ಗಾಳಿಯ ಬಗ್ಗೆ ಎರಡು ಮಾತು. ಬೇಸಗೆ, ಚಳಿಗಾಲದಲ್ಲಿ ಬೆಳಗಿನ ಹೊತ್ತು ಗಾಳಿ ಇರುವುದಿಲ್ಲ, ಕಾರಣ ಸರಳ. ರಾತ್ರಿ ನೆಲ ತಣಿದು ತಂಪು ಗಾಳಿ ಕೆಳಗೇ ಕೂತಿರುತ್ತದೆ, ಬಿಸಿಲು ನೆಲ ಕಾಯಿಸಿದ ಮೇಲೆ ಗಾಳಿ ಮೇಲೆ ಕೆಳಗೆ ಕಲಕಾಡಲು ಶುರುವಾಗುತ್ತದೆ. ಸುರಗಿ ಹೂವಿನ ಕಾಲದಲ್ಲಿ ಸೂರ್ಯ ಮರದ ತುದಿ ದಾಟುವುದರೊಳಗೆ ಕೆಲಸ ಮುಗಿಸಿ. ಮಳೆಗಾಲದಲ್ಲಿ ಈ ಲೆಕ್ಕ ಇಲ್ಲ, ಹೊಳವು ಕಾಯಬೇಕು. ಮಳೆಯ ಸೆಳಕು ಹೋದ ತಕ್ಷಣ ಒಂದಷ್ಟು ಹೊತ್ತು ತೋಟದೊಳಗೆ ಎಲೆಯೂ ಅಲುಗದ ಗಳಿಗೆ ಬರುತ್ತದೆ, ಅಷ್ಟರಲ್ಲಿ ಮುಂದಿನ ಮಳೆಯ ಗಾಳಿ ಬರುವ ಸದ್ದು ಕೇಳಿಸುತ್ತದೆ. ಕೊಡಚಾದ್ರಿಯಂಥ ಬೋಳು ನೆತ್ತಿಗಳಲ್ಲಿ, 1343 ಮೀಟರ್ ಎತ್ತರದಲ್ಲಿ, ಹೊಳವಿನಲ್ಲೂ ಗಾಳಿ ನಿಲ್ಲುವುದಿಲ್ಲ. ಅಲ್ಲಿ ನೆಲ ಕಚ್ಚಿ ಮಲಗಿ. ನೆಲದ ಹತ್ತಿರ ಗಾಳಿಯ ವೇಗ ಯಾವಾಗಲೂ ಕಡಿಮೆ. ಕೊಡೆ ಬಿಚ್ಚಿ ಗಾಳಿ ಬರುವ ದಿಕ್ಕಿಗೆ ಅಡ್ಡ ಇಟ್ಟರೆ ಇನ್ನೂ ಒಳ್ಳೆಯದು. ತೂಗುವ ಹೂವೂ ಎರಡು ತುದಿಗಳಲ್ಲಿ ತಿರುಗುವಾಗ ಕ್ಷಣಮಾತ್ರ ನಿಲ್ಲುತ್ತದೆ, ನಡುವೆ ಹಾಯುವಾಗ ಅತಿ ವೇಗ. ಪಕ್ಕಕ್ಕೆ ತೂಗುವ ಹೂವನ್ನು ಆ ತುದಿಯಲ್ಲಿ ಹಿಡಿಯಬಹುದು. ನಿಮ್ಮ ಕಡೆಗೇ ತೂಗುವ ಹೂವಾದರೆ ನೀವು ಜಾಗ ಬದಲಿಸಿ, ಗಾಳಿ ನಿಮ್ಮ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಬೀಸುವಂತೆ ಬಂದು ಕೂರಿ. ತೂಗಾಟ ಅಷ್ಟೇ ಇರುತ್ತದೆ, ಆದರೆ ಅಂತರ ಬದಲಾಗುವುದಿಲ್ಲ.

ಬೆಳಕು. ಮೋಡದ ದಿನ ಅಡಿಕೆ ತೋಟದೊಳಗೆ ಐಎಸ್ಒ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, 1600, ಅಪರ್ಚರ್ ಎಫ್/8 ಇಟ್ಟರೆ ಶಟರ್ ಸ್ಪೀಡ್ 1/60ರ ಆಸುಪಾಸು. ಹತ್ತಿರದ ಚಿತ್ರಕ್ಕೆ ನನಗೆ 1/250 ಬೇಕು. ಐಎಸ್ಒ ಏರಿಸಲು ಅಂಜಬೇಡಿ, ಕಾಳುಕಾಳಾದ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದಬಹುದು, ಫೋಕಸ್ ತಪ್ಪಿದ್ದನ್ನು ತಿದ್ದಲಾಗದು. ಅದೂ ಸಾಲದಾದರೆ ಫ್ಲಾಶ್, ಮುಂದೆ ತೆಳು ಬಿಳಿ ಪ್ಲಾಸ್ಟಿಕ್ ಕಟ್ಟಿ. ಕಡಿಮೆ ಪವರಿನ ಫ್ಲಾಶ್ ಬೆಳಗುವುದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಹೊತ್ತು, ಶೇಕ್ ಪೂರ್ತಿ ಮಾಯವಾಗುತ್ತದೆ. ನೆನಪಿರಲಿ, ಮಾಯವಾಗುವುದು ಶೇಕ್ ಮಾತ್ರ. ಅಂತರ ತಪ್ಪಿದ್ದರೆ ಫ್ಲಾಶ್ ತಪ್ಪು ಎಸಳನ್ನೇ ಬಹಳ ಚೂಪಾಗಿ ತೋರಿಸುತ್ತದೆ.

ತೆಗೆದ ಫೋಟೋವನ್ನು ಅಲ್ಲೇ, ಹೂವಿನ ಮುಂದೆ ಕೂತಿರುವಾಗಲೇ, ಪೂರ್ತಿ ಹಿಗ್ಗಿಸಿ ನೋಡಿ. ಏನು ತಪ್ಪಿತು ಅನ್ನುವುದನ್ನು ಚಿತ್ರವೇ ಹೇಳುತ್ತದೆ. ಬೇಕಾದ ಜಾಗ ಮಸುಕು, ಆದರೆ ಹಿಂದಿನ ಎಸಳೋ ಮುಂದಿನ ಮೊಗ್ಗೋ ಚೂಪಾಗಿದೆ ಅಂದರೆ ಅಂತರ ತಪ್ಪಿದೆ. ಎಲ್ಲೂ ಚೂಪಿಲ್ಲ, ನೀರಹನಿಗಳೆಲ್ಲ ಒಂದೇ ದಿಕ್ಕಿಗೆ ಎಳೆದಂತಿವೆ ಅಂದರೆ ಕೈ ಶೇಕ್. ಹೂ ಮಾತ್ರ ಎಳೆದಂತಿದೆ, ಪಕ್ಕದ ಕಡ್ಡಿ ಸ್ಪಷ್ಟವಾಗಿದೆ ಅಂದರೆ ಗಾಳಿ. ಮೊದಲನೆಯದಕ್ಕೆ ಶಟರ್ ಸ್ಪೀಡ್ ಏರಿಸಿ ಉಪಯೋಗವಿಲ್ಲ, ಕೂರುವ ಭಂಗಿ ಬದಲಿಸಿ. ಇದೊಂದು ಪರೀಕ್ಷೆ ರೂಢಿಯಾದರೆ ನಾನು ಹೇಳಿದ ಉಳಿದದ್ದೆಲ್ಲ ನಿಮಗೇ ಹೊಳೆಯುತ್ತಾ ಹೋಗುತ್ತದೆ.

ಇನ್ನು ಪ್ರಶ್ನೆಗಳು.

ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು: "ಕನ್ನಡಕ ಹಾಕ್ಕೊಂಡು ನೋಡ್ಬೇಕೋ, ತೆಗೆದು ನೋಡ್ಬೇಕೋ ಮಾರಾಯ್ರೆ? ನಂಗೆ ಸರಿ ಅನ್ಸಿದ್ದು ಕ್ಯಾಮೆರಾಕ್ಕೆ ಸರಿ ಇರೋದಿಲ್ಲ."

ಬಹಳ ಒಳ್ಳೆಯ ಪ್ರಶ್ನೆ ಕೇಳಿದಿರಿ. ವ್ಯೂಫೈಂಡರ್ ಪಕ್ಕದಲ್ಲಿ ಒಂದು ಪುಟ್ಟ ಚಕ್ರ ಇದೆ, ಡಯಾಪ್ಟರ್ ಅಂತ. ಅದು ನಿಮ್ಮ ಕಣ್ಣಿಗೆ ಹೊಂದಿರದಿದ್ದರೆ ಕಣ್ಣು ನೋಡಿ ಮಾಡುವ ಫೋಕಸ್ ನಂಬುವ ಹಾಗಿಲ್ಲ. ವ್ಯೂಫೈಂಡರಿನೊಳಗಿನ ಅಂಕಿಗಳು ಚೂಪಾಗಿ ಕಾಣುವವರೆಗೆ ಅದನ್ನು ತಿರುಗಿಸಿ. ಕನ್ನಡಕ ಹಾಕಿಯೇ ತೆಗೆಯುವವರು ಹಾಕಿಕೊಂಡೇ ತಿರುಗಿಸಿ, ತೆಗೆದು ನೋಡುವವರು ತೆಗೆದು. ಒಮ್ಮೆ ಹಾಕಿ ಒಮ್ಮೆ ತೆಗೆದು ಮಾಡಬೇಡಿ ಅಣ್ಣ, ಅಷ್ಟೆ.

ಕಾಲೇಜು ಹುಡುಗಿಯೊಬ್ಬಳ ಪ್ರಶ್ನೆ: "ಸರ್, ನನ್ನ ಹತ್ರ ಫೋನ್ ಮಾತ್ರ ಇರೋದು. ಇದೆಲ್ಲ ಫೋನಿಗೂ ಬರುತ್ತಾ?"

ಬರುತ್ತದಮ್ಮ. ಹೂವಿನ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ. ಆಮೇಲೆ ಫೋನನ್ನೇ ಹಿಂದೆ ಮುಂದೆ ಮಾಡು, ನಾನು ಮೈ ಬಾಗಿಸು ಅಂದದ್ದು ಅದೇ. ಈಗಿನ ಹಲವು ಫೋನುಗಳು ತೀರಾ ಹತ್ತಿರ ಹೋದಾಗ ತಾವಾಗಿಯೇ ಅಲ್ಟ್ರಾವೈಡ್ ಕ್ಯಾಮೆರಾಕ್ಕೆ ಹೊರಳುತ್ತವೆ. 2021ರ ಐಫೋನ್ 13 ಪ್ರೋ ಹೀಗೆ 2 ಸೆಂ.ಮೀ. ಹತ್ತಿರದವರೆಗೆ ಫೋಕಸ್ ಮಾಡುತ್ತಿತ್ತು. ಅಷ್ಟು ಹತ್ತಿರ ಹೋದರೆ ಫೋನಿನ ನೆರಳೇ ಹೂವಿನ ಮೇಲೆ ಬೀಳುತ್ತದೆ, ಹಿಂದಿನದ್ದೆಲ್ಲ ಗಿಜಿಗಿಜಿ ಕಾಣುತ್ತದೆ. ನನ್ನ ಮಾತು ಕೇಳುವುದಾದರೆ 2ಎಕ್ಸ್ ಇಟ್ಟು ಒಂದಿಷ್ಟು ಹಿಂದೆ ಸರಿದು ತೆಗೆ, ಆಮೇಲೆ ಕ್ರಾಪ್ ಮಾಡು. ಫೋನಿನ ಸೆನ್ಸರ್ ಪುಟ್ಟದು, ಸ್ಪಷ್ಟ ಪದರ ನಮಗಿಂತ ನಿನಗೇ ದಪ್ಪ ಸಿಗುತ್ತದೆ.

ಫೋಕಸ್ ಸ್ಟ್ಯಾಕಿಂಗ್, ಅಂದರೆ ಬೇರೆ ಬೇರೆ ಆಳಕ್ಕೆ ಫೋಕಸ್ ಮಾಡಿದ ಫೋಟೋಗಳನ್ನು ಜೋಡಿಸಿ ಒಂದು ಮಾಡುವುದು, ಕೈಯಲ್ಲಿ ಹಿಡಿದು ಸಾಧ್ಯವೇ ಅಂತ ಇನ್ನೊಬ್ಬರು ಕೇಳಿದರು. ಸಾಧ್ಯ. 2015ರಲ್ಲಿ ಒಲಿಂಪಸ್ ತನ್ನ ಇ-ಎಂ1 ಕ್ಯಾಮೆರಾಕ್ಕೆ ಕೊಟ್ಟ ಅಪ್‌ಡೇಟಿನಲ್ಲಿ ಎಂಟು ಫ್ರೇಮುಗಳನ್ನು ಕ್ಯಾಮೆರಾದೊಳಗೇ ಜೋಡಿಸುವ ಸೌಲಭ್ಯ ಬಂತು, ಆಮೇಲೆ ಬೇರೆಯವರದ್ದೂ ಬಂದಿವೆ. ಗೋಡೆಗೋ ಮರಕ್ಕೋ ಒರಗಿ, ಗಾಳಿ ಇಲ್ಲದಾಗ ಮಾಡಿ ನೋಡಿ. ಗಾಳಿ ಇದ್ದರೆ ಎಂಟು ಫ್ರೇಮಿನಲ್ಲಿ ಎಂಟು ಜಾಗದಲ್ಲಿ ಹೂ ಇರುತ್ತದೆ, ಯಾವ ಸಾಫ್ಟ್‌ವೇರೂ ಅದನ್ನು ನೆಟ್ಟಗೆ ಜೋಡಿಸದು. ನನಗೆ ವೈಯಕ್ತಿಕವಾಗಿ ಪೂರ್ತಿ ಚೂಪಾದ ಹೂವಿಗಿಂತ ಒಂದೇ ಜಾಗ ಚೂಪಾಗಿರುವ ಹೂ ಇಷ್ಟ.

ಕೊನೆಯ ಪ್ರಶ್ನೆ ಸಾಗರದಿಂದ ಬಂದ ಮೇಷ್ಟ್ರದ್ದು: "ಈ ಮಳೇಲಿ ಹೊರಗೆ ಹೋಗೋಕಾಗಲ್ಲ. ಮನೇಲೇ ಅಭ್ಯಾಸ ಮಾಡೋದು ಹೇಗೆ?"

ದಿನಪತ್ರಿಕೆಯ ಒಂದು ಪುಟ ಸಾಕು ಮೇಷ್ಟ್ರೇ. ಒಂದು ರಟ್ಟಿಗೆ ಅಂಟಿಸಿ, ಮೇಲ್ತುದಿ ಆಚೆಗೆ ವಾಲುವಂತೆ 45 ಡಿಗ್ರಿ ಓರೆಯಾಗಿ ಇಡಿ, ಕಿಟಕಿಯ ಬೆಳಕಿನಲ್ಲಿ. ನಡುವಿನ ಒಂದು ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. ರಿಂಗ್ ಮುಟ್ಟದೆ, ಮೈ ಬಾಗಿಸುತ್ತಾ, ಆ ಸಾಲಿಗೆ ಫೋಕಸ್ ತಂದು ಬರ್ಸ್ಟ್ ಹೊಡೆಯಿರಿ. ಹಿಗ್ಗಿಸಿ ನೋಡಿದಾಗ ಕೆಂಪು ಗೆರೆಗಿಂತ ಮೇಲಿನ ಸಾಲುಗಳು ಚೂಪಾಗಿದ್ದರೆ ನೀವು ಮುಂದಕ್ಕೆ ದಾಟಿ ಹೋಗುತ್ತಿದ್ದೀರಿ, ಕೆಳಗಿನವು ಚೂಪಾಗಿದ್ದರೆ ಇನ್ನೂ ತಲುಪುವ ಮೊದಲೇ ಒತ್ತುತ್ತಿದ್ದೀರಿ. ಒಬ್ಬೊಬ್ಬರದು ಒಂದೊಂದು ವಾಡಿಕೆ ಇರುತ್ತದೆ, ಹೆಚ್ಚಿನವರು ದಾಟುವವರೇ. ನಿಮ್ಮದು ಯಾವುದು ಅಂತ ಗೊತ್ತಾದ ಮೇಲೆ ಅಷ್ಟೇ ಮುಂಚೆ, ಇಲ್ಲವೇ ಅಷ್ಟೇ ತಡವಾಗಿ ಒತ್ತುವುದನ್ನು ಬೆರಳಿಗೆ ಕಲಿಸಿ. ನಿಂತು ಮಾಡಿ, ಮಂಡಿಯೂರಿ ಮಾಡಿ, ಗೋಡೆಗೆ ಒರಗಿ ಮಾಡಿ. ಮೂರರಲ್ಲೂ ಎಷ್ಟು ಸಾಲು ಆಚೀಚೆ ಆಯಿತು ಅಂತ ಬರೆದಿಟ್ಟುಕೊಳ್ಳಿ. ಶ್ರಾವಣದ ಹೊತ್ತಿಗೆ ಡೇರೆ ಅರಳುತ್ತದೆ, ಅಷ್ಟರೊಳಗೆ ಕೈ ಪಳಗಿರುತ್ತದೆ.